ಹಲಗಲಿಯ ಬೇಡರು

ಶಿರಸಿ ಸೀಮೆಯ ದಾಸನಕೊಪ್ಪದಂತಹ ಗ್ರಾಮಗಳಲ್ಲಿ, ಕಾಡಿನ ಅಂಚಿನಲ್ಲಿ ಗದ್ದೆ ಮಾಡುವ ಒಕ್ಕಲಿಗನಿಗೆ ಕೋವಿಯೆಂಬುದು ಯುದ್ಧದ ಸಾಧನವಲ್ಲ. ನೇಗಿಲು ಗುದ್ದಲಿಗಳಂತೆ ಬೇಸಾಯದ ಸಾಧನ. ಹಂದಿಯನ್ನು ಬೆದರಿಸದಿದ್ದರೆ ಬೆಳೆಯು ಮನೆಗೆ ಬಾರದು. ಹಾಗಿರುವಾಗ ಆಯುಧವನ್ನು ಒಪ್ಪಿಸೆಂದು ಸರಕಾರವು ಆಜ್ಞಾಪಿಸಿದರೆ ಪ್ರಜೆಯು ಅದನ್ನು ಹೇಗೆ ಅರ್ಥಮಾಡಿಕೊಂಡಾನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಲಗಲಿಯ ಕಥೆಯನ್ನು ಕೇಳಬೇಕು.

1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದೊಡನೆ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಅನುಮತಿ ಪತ್ರವಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಲಾಗದು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಬೇಟೆಯಿಂದಲೂ ಕಾವಲು ಕಾಯುವುದರಿಂದಲೂ ಬದುಕಿದವರು. ಪಾಳೆಯಗಾರರ ದಂಡುಗಳಲ್ಲಿ ಹೋರಾಡಿದವರ ವಂಶದವರು. ಅವರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಜಡಗ, ಬಾಲ, ಹನುಮ, ರಾಮ ಮೊದಲಾದವರ ಮುಂದಾಳುತನದಲ್ಲಿ ಅವರು ಆಜ್ಞೆಯನ್ನು ಧಿಕ್ಕರಿಸಿದರು. ನವೆಂಬರ್ 29ರಂದು ಕರ್ನಲ್ ಮಾಲ್ಕಂನ ಸೈನ್ಯವು ಊರಿನ ಮೇಲೆ ಬಿದ್ದಿತು. ಊರಿಗೆ ಬೆಂಕಿಯಿಟ್ಟರು. ಸುಮಾರು 290 ಜನರು ಸೆರೆಯಾದರು. ಅವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು.

ಈ ಬೇಡರು ಯಾವ ಸಿಂಹಾಸನಕ್ಕಾಗಿಯೂ ಕಾದಿದವರಲ್ಲ. ಸುರಪುರದ ವೆಂಕಟಪ್ಪ ನಾಯಕನಿಗೆ ರಾಜ್ಯವಿತ್ತು. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಹಕ್ಕು ತಪ್ಪಿದ ವ್ಯಥೆಯಿತ್ತು. ಹಲಗಲಿಯವರಿಗಿದ್ದುದು ತಮ್ಮ ಬಾಳಿನ ಕ್ರಮವೊಂದೇ. ದೂರದಲ್ಲಿ ಕುಳಿತು ಬರೆದ ಕಾಯಿದೆಯು ದರೋಡೆಕಾರನಿಗೂ ಬೇಟೆಗಾರನಿಗೂ ಭೇದವನ್ನೆಣಿಸಲಿಲ್ಲ. ಅನಾಹುತದ ಬೀಜವಿದ್ದುದು ಅಲ್ಲಿಯೇ.

ಕಾಡಿನ ಜನರ ಪ್ರತಿಭಟನೆಯು ಇಲ್ಲಿಗೇ ಮುಗಿಯಲಿಲ್ಲ. 1858–59ರಲ್ಲಿ, ಉತ್ತರ ಕನ್ನಡವು ಇನ್ನೂ ಮದರಾಸು ಆಧಿಪತ್ಯದಲ್ಲಿದ್ದಾಗ, ಸಾವಂತವಾಡಿಯ ಕಡೆಯ ಬಂಡಾಯಗಾರರು ಸೂಪಾ ಅರಣ್ಯಗಳನ್ನು ಹೊಕ್ಕರು. ಅವರೊಡನೆ ಅಲ್ಲಿಯ ಸಿದ್ದಿಗಳೂ ಸೇರಿಕೊಂಡರು. ದಟ್ಟವಾದ ಕಾಡು ಅವರಿಗೆ ಕೋಟೆಯಾಯಿತು. ಆದರೂ ಸೈನ್ಯವು ಕಡೆಗೆ ಅವರನ್ನು ಅಡಗಿಸಿತು.

ಎಪ್ಪತ್ತು ವರ್ಷಗಳ ಮೇಲೆ ಶಿರಸಿ ಸಿದ್ದಾಪುರಗಳ ರೈತರು ಮತ್ತೆ ಎದ್ದು ನಿಂತರು. ಈ ಸಲ ಅವರ ಕೈಯಲ್ಲಿ ಕೋವಿಯಿರಲಿಲ್ಲ. 1930ರ ಅನಂತರದ ಕರನಿರಾಕರಣೆಯಲ್ಲಿ ಅವರ ಭೂಮಿಯು ಜಪ್ತಿಯಾಯಿತು, ಪಾತ್ರೆಪಡಗಗಳು ಹರಾಜಾದವು. ಹರಾಜಿನಲ್ಲಿ ಕೊಂಡವರ ಮನೆಗಳ ಮುಂದೆ ಹೆಂಗಸರೇ ಸತ್ಯಾಗ್ರಹಕ್ಕೆ ಕುಳಿತರು. ಬೇಡನು ಆಯುಧವನ್ನು ಕೊಡೆನೆಂದನು; ರೈತನು ಕಂದಾಯವನ್ನು ಕೊಡೆನೆಂದನು. ಮಾರ್ಗ ಬೇರೆ, ತನ್ನನ್ನು ಕೇಳದೆ ಆಳುವ ಅಧಿಕಾರಕ್ಕೆ ತಲೆಬಾಗೆನೆಂಬ ಮಾತು ಒಂದೇ.

ಸರಕಾರದ ಕಾಗದಗಳು ಹಲಗಲಿಯಲ್ಲಿ ಸೆರೆಸಿಕ್ಕವರನ್ನು ಎಣಿಸಿಟ್ಟವು. ಸತ್ತವರ ಹೆಸರುಗಳನ್ನು ಉಳಿಸಿದ್ದು ಲಾವಣಿ. ಆ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದಾತನು ಆಂಗ್ಲ ಅಧಿಕಾರಿಯೇ ಆದ ಫ್ಲೀಟ್ ಸಾಹೇಬನು. ಗೆದ್ದವರ ಲೇಖನಿಯೇ ಸೋತವರ ಹಾಡನ್ನು ಕಾಪಾಡಿತೆಂಬುದು ನಾವು ನೆನೆಯತಕ್ಕ ವಿಷಯ.