ಅಟ್ಟವೇರಿದ 706 ಪ್ರತಿಗಳು

1853ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಅಮೇರಿಕಾ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ಪ್ರಾಂತಕ್ಕೆ ಸೇರಿದ ಕಾನ್ಕಾರ್ಡ್ ಎಂಬ ಊರಿಗೆ ಬಾಸ್ಟನ್ ನಗರದಿಂದ ಗಾಡಿಯ ತುಂಬ ಪುಸ್ತಕಗಳು ಬಂದಿಳಿದುವು. ಅವುಗಳ ಕರ್ತೃವಾದ ಹೆನ್ರಿ ಡೇವಿಡ್ ಥೋರೋ ಎಂಬಾತನು ಆ ಹೊರೆಯನ್ನು ತನ್ನ ಬೆನ್ನ ಮೇಲೆಯೇ ಹೊತ್ತು, ಎರಡು ಅಂತಸ್ತುಗಳ ಮೆಟ್ಟಲುಗಳನ್ನೇರಿ, ಅಟ್ಟದ ಕೋಣೆಯಲ್ಲಿ ಪೇರಿಸಿದನು. ನಾಲ್ಕು ವರ್ಷಗಳ ಹಿಂದೆ ಅಚ್ಚಾಗಿದ್ದ 1000 ಪ್ರತಿಗಳಲ್ಲಿ ಮರಳಿ ಬಂದುವು 706. ಅವುಗಳಲ್ಲಿ 256ಕ್ಕೆ ಮಾತ್ರ ರಟ್ಟು ಕಟ್ಟಿತ್ತು. ಮಿಕ್ಕ 450 ಇನ್ನೂ ಬಿಡಿ ಹಾಳೆಗಳೇ. 75 ಪ್ರತಿಗಳು ಉಚಿತವಾಗಿ ಹಂಚಿಹೋಗಿದ್ದುವು. ವಿಕ್ರಯವಾದುವು 219.

ಗ್ರಂಥದ ಹೆಸರು ‘ಎ ವೀಕ್ ಆನ್ ದಿ ಕಾನ್ಕಾರ್ಡ್ ಅಂಡ್ ಮೆರಿಮ್ಯಾಕ್ ರಿವರ್ಸ್’, ಎಂದರೆ ಆ ಎರಡು ನದಿಗಳ ಮೇಲೆ ಕಳೆದ ಒಂದು ವಾರ. 1839ನೆಯ ಆಗಸ್ಟ್ 31ರಂದು ಥೋರೋ ತನ್ನ ಅಗ್ರಜನಾದ ಜಾನನೊಡನೆ, ತಾವೇ ಕಟ್ಟಿದ ದೋಣಿಯಲ್ಲಿ ಜಲಯಾತ್ರೆಗೆ ಹೊರಟನು. 1842ರ ಜನವರಿಯಲ್ಲಿ ಆ ಅಣ್ಣನು, ಕ್ಷೌರದ ಕತ್ತಿಯಿಂದಾದ ಅಲ್ಪ ಗಾಯವು ಧನುರ್ವಾಯುವಾಗಿ ಪರಿಣಮಿಸಲು, ತಮ್ಮನ ತೋಳುಗಳಲ್ಲಿಯೇ ಪ್ರಾಣಬಿಟ್ಟನು. 1845ರಲ್ಲಿ ವಾಲ್ಡನ್ ಸರೋವರದ ದಡದಲ್ಲಿ ಪರ್ಣಶಾಲೆಯೆನ್ನಬಹುದಾದ ಗುಡಿಸಲನ್ನು ಕಟ್ಟಿಕೊಂಡು ಥೋರೋ ಬರೆಯಲು ಕುಳಿತುದು ಮುಖ್ಯವಾಗಿ ಈ ಯಾತ್ರೆಯ ಗ್ರಂಥವನ್ನೇ. ಅದರಲ್ಲಿ ಅಣ್ಣನ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೂ ಅದನ್ನು ಅಕ್ಷರಗಳಿಂದ ಬಿಟ್ಟ ತರ್ಪಣವೆಂದೇ ಎಣಿಸಬೇಕು.

ಹಸ್ತಪ್ರತಿ ಸಿದ್ಧವಾಗಲು, 1847ರಲ್ಲಿ ಆತನ ಹಿರಿಯ ಮಿತ್ರನಾದ ಎಮರ್ಸನ್ ಪಂಡಿತನು ಪ್ರಕಾಶಕರಿಗೆ ಶಿಫಾರಸು ಮಾಡಿದನು. ಎಮರ್ಸನ್ನನ ಕೀರ್ತಿಯೂ ಇಲ್ಲಿ ಫಲಿಸಲಿಲ್ಲ. ನಾಲ್ಕು ಕಡೆಯಿಂದಲೂ ಬಂದ ಉತ್ತರ ಒಂದೇ: ಗ್ರಂಥಕರ್ತನು ಖರ್ಚನ್ನು ವಹಿಸುವುದಾದರೆ ಅಚ್ಚು ಮಾಡಬಹುದು. ಥೋರೋ ಒಪ್ಪದೆ ಒಂದೂವರೆ ವರ್ಷಕ್ಕೂ ಮಿಕ್ಕಿ ತಿದ್ದುತ್ತ ಕಾದನು. 1849ರ ಆರಂಭದಲ್ಲಿ ಬಾಸ್ಟನ್ನಿನ ಟಿಕ್ನರ್ ಸಂಸ್ಥೆಯವರು, ಆತನ ಎರಡನೆಯ ಗ್ರಂಥವಾದ ‘ವಾಲ್ಡನ್’ ಅನ್ನು ತಮ್ಮ ಹೊಣೆಯಲ್ಲಿಯೇ ಪ್ರಕಟಿಸುವೆವೆಂದೂ, ಮೊದಲನೆಯದಕ್ಕೆ ಮಾತ್ರ ಮುಂಗಡ ಹಣ ಬೇಕೆಂದೂ ತಿಳಿಸಿದರು. ಲೌಕಿಕನಾದವನು ಅದನ್ನು ಒಪ್ಪಿ, ಮೊದಲ ಗ್ರಂಥವನ್ನು ಬದಿಗಿಡುತ್ತಿದ್ದನು. ಥೋರೋ ಅಣ್ಣನ ಪುಸ್ತಕವೇ ಮುಂದಾಗಬೇಕೆಂದು ಹಟ ಹಿಡಿದು, ಅದೇ ಊರಿನ ಜೇಮ್ಸ್ ಮನ್ರೋ ಎಂಬ ಪ್ರಕಾಶಕನ ಬಳಿಗೆ ಹೋದನು. ಕರಾರು ಹೀಗಿತ್ತು: ವೆಚ್ಚವು ಮಾರಾಟದ ಹಣದಿಂದ ತೀರಬೇಕು, ತೀರದೆ ಉಳಿದುದನ್ನು ಗ್ರಂಥಕರ್ತನು ಕೈಯಿಂದ ತುಂಬಬೇಕು.

ಮೇ 30ರಂದು ಪುಸ್ತಕವು ಹೊರಬಿದ್ದಿತು. ಮಾರಾಟವಾದರೂ ಆಗದಿದ್ದರೂ ಪ್ರಕಾಶಕನಿಗೆ ನಷ್ಟವಿಲ್ಲವಾದುದರಿಂದ, ಅದನ್ನು ಮಾರುವ ಶ್ರಮವನ್ನು ಆತನು ವಹಿಸಿದಂತೆ ಕಾಣುವುದಿಲ್ಲ. ಸ್ವಂತ ವೆಚ್ಚದ ಪ್ರಕಟಣೆಯಲ್ಲಿ ಅಡಗಿರುವ ಮುಳ್ಳು ಇದೇ. ಮುದ್ರಣಕ್ಕಾಗಿ ಹಣ ತೆತ್ತವನು ತನ್ನ ಗ್ರಂಥದ ಒಡೆಯನಾದೆನೆಂದು ಭಾವಿಸುತ್ತಾನೆ. ಅಂಗಡಿಯ ಬೀಗದ ಕೈ ಮಾತ್ರ ಇನ್ನೊಬ್ಬನ ಸೊಂಟದಲ್ಲಿಯೇ ಇರುತ್ತದೆ.

ಗ್ರಂಥದ ದೋಷವೂ ಇಲ್ಲದಿರಲಿಲ್ಲ. ದೋಣಿಯು ನಾಲ್ಕು ಮಾರು ಸಾಗುವಷ್ಟರಲ್ಲಿ ಪ್ರಸಂಗವು ಹೋಮರನ ಕಡೆಗೋ ಸ್ನೇಹಧರ್ಮದ ಕಡೆಗೋ ತಿರುಗಿಬಿಡುತ್ತದೆ. ಆದರೆ ಅಲ್ಲಿಯ ವಿಮರ್ಶಕರನ್ನು ಕೆರಳಿಸಿದ ಭಾಗವೇ ನಮ್ಮವರಿಗೆ ಆದರಣೀಯವಾದುದು. ‘ಸೋಮವಾರ’ವೆಂಬ ಅಧ್ಯಾಯದಲ್ಲಿ ಭಗವದ್ಗೀತೆ, ಮನುಸ್ಮೃತಿಗಳ ಪ್ರಶಂಸೆಯು ದೀರ್ಘವಾಗಿದೆ. ಗೀತೆಯನ್ನು ಥೋರೋ ಓದಿದ್ದುದು 1785ರಲ್ಲಿ ಅಚ್ಚಾದ ಚಾರ್ಲ್ಸ್ ವಿಲ್ಕಿನ್ಸ್ ಎಂಬವನ ಆಂಗ್ಲಾನುವಾದದಿಂದ. ಸಂಸ್ಕೃತವನ್ನರಿಯದ ಆತನು ಸ್ವಧರ್ಮಾಚರಣೆಯ ಗಂಭೀರ್ಯವನ್ನು ಗ್ರಹಿಸಿದ್ದನು. ಯುದ್ಧಕ್ಕೆ ಅರ್ಜುನನನ್ನು ಪ್ರೇರಿಸಿದುದು ಮಾತ್ರ ಅವನಿಗೆ ಪೂರ್ಣವಾಗಿ ರುಚಿಸಲಿಲ್ಲ. ಪೂರ್ವದೇಶದ ಶಾಸ್ತ್ರಗಳನ್ನು ಬೈಬಲಿನ ಸಮಕ್ಕೆ ತಂದನೆಂದು ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆಯು ಆಕ್ಷೇಪಿಸಿತು.

ಸಾಲವನ್ನು ತೀರಿಸಲು ಥೋರೋ ಮನೆತನದ ಕಸುಬಾದ ಪೆನ್ಸಿಲ್ ತಯಾರಿಕೆಗೆ ಕೈಹಾಕಿದನು. 100 ಡಾಲರಿನ ಬಾಕಿಗಾಗಿ 1000 ಡಾಲರು ಬೆಲೆಯ ಪೆನ್ಸಿಲುಗಳನ್ನು ಮಾಡಿ, ಅವುಗಳನ್ನು ಕೊನೆಗೆ ನಷ್ಟಕ್ಕೆ ಕೊಡಬೇಕಾಯಿತು. ಇತರರ ಹೊಲಗದ್ದೆಗಳನ್ನು ಸರಪಣಿ ಹಿಡಿದು ಅಳೆದನು. 1853ರ ನವೆಂಬರಿನಲ್ಲಿ ಲೆಕ್ಕ ಚುಕ್ತವಾದಾಗ ಆತನು ಕೈಯಿಂದ ತೆತ್ತುದು 290 ಡಾಲರು. ಮಾರಾಟದಿಂದ ಆತನಿಗೆ ಬಂದುದು ಸುಮಾರು 15. ವಾಲ್ಡನ್ನಿನ ಗುಡಿಸಲಿಗೆ ತಗಲಿದ ವೆಚ್ಚ 28 ಡಾಲರು 12½ ಸೆಂಟು. ಒಂದು ಪುಸ್ತಕದ ಋಣದಲ್ಲಿ ಅಂತಹ ಹತ್ತು ಮನೆಗಳೆದ್ದು ನಿಲ್ಲುತ್ತಿದ್ದುವು. ಪ್ರತಿಗಳು ಅಟ್ಟ ಸೇರಿದ ದಿನ, ತನ್ನ ಪುಸ್ತಕಭಂಡಾರದ ಬಹುಭಾಗವು ತಾನೇ ರಚಿಸಿದುದಾಯಿತೆಂದು ದಿನಚರಿಯಲ್ಲಿ ವಿನೋದವಾಗಿ ಬರೆದುಕೊಂಡನು. ಅದೇ ಮನೆಗೆ 1855ರಲ್ಲಿ ಆಂಗ್ಲ ಮಿತ್ರನೊಬ್ಬನು ಭಾರತೀಯ ವಾಙ್ಮಯದ 44 ಸಂಪುಟಗಳನ್ನು ಕಳುಹಿಸಲು, ಹೊಳೆಯಲ್ಲಿ ತೇಲಿಬಂದ ಮರದಿಂದ ಅವಕ್ಕೊಂದು ಕಪಾಟನ್ನು ಮಾಡಿದನು.

ಮೊದಲನೆಯದರ ಸೋಲಿನಿಂದ ‘ವಾಲ್ಡನ್’ ಐದು ವರ್ಷ ತಡವಾಯಿತು. ಆ ಅವಧಿಯಲ್ಲಿ ಅದನ್ನು ಮತ್ತೆ ಮತ್ತೆ ತಿದ್ದಿ ಬರೆದನು. 1849ರಲ್ಲಿಯೇ ಅಚ್ಚಾಗಿದ್ದರೆ ಲೋಕವು ಓದುತ್ತಿದ್ದುದು ಇಂದಿನ ‘ವಾಲ್ಡನ್’ ಆಗಿರುತ್ತಿರಲಿಲ್ಲ. 1854ರ ಆಗಸ್ಟಿನಲ್ಲಿ ಟಿಕ್ನರ್ ಅಂಡ್ ಫೀಲ್ಡ್ಸ್ ಸಂಸ್ಥೆಯು ತನ್ನ ಖರ್ಚಿನಲ್ಲಿಯೇ 2000 ಪ್ರತಿಗಳನ್ನು ಹೊರತಂದಿತು.

1862ರ ವಸಂತದಲ್ಲಿ ಥೋರೋ ಕ್ಷಯದಿಂದ ಹಾಸಿಗೆ ಹಿಡಿದಿರಲು, ಅದೇ ಸಂಸ್ಥೆಯು ಅಟ್ಟದಲ್ಲಿ ಉಳಿದಿದ್ದ ‘ಎ ವೀಕ್’ ಪ್ರತಿಗಳನ್ನು ಕೊಂಡು, ಹೊಸ ಮುಖಪುಟದೊಡನೆ ಮಾರಾಟಕ್ಕಿಡಲು ಒಪ್ಪಿತು. ಮೇ 6ರ ಬೆಳಿಗ್ಗೆ ತಂಗಿ ಸೋಫಿಯಾ ಆತನ ಬಳಿ ಕುಳಿತು ಆ ಗ್ರಂಥದ ಕೊನೆಯ ಅಧ್ಯಾಯವನ್ನು ಓದಿದಳು. ಅಣ್ಣತಮ್ಮಂದಿರ ದೋಣಿಯು ಊರಿನ ಕಡೆಗೆ ತಿರುಗುವ ಭಾಗವದು. ಅಂದೇ ಒಂಬತ್ತು ಗಂಟೆಯ ಸುಮಾರಿಗೆ ಆತನ ಉಸಿರು ನಿಂತಿತು.