ಮಧುಮೇಹ ಪಾದಹುಣ್ಣು: ರೋಗಿ ಮಾರ್ಗದರ್ಶಕರ ನೆರವು

ಮಧುಮೇಹದಿಂದ ಪಾದದಲ್ಲಿ ಹುಣ್ಣಾದವರನ್ನು ಮೊದಲ ತಪಾಸಣೆಯಿಂದ ಗಾಯ ಮಾಯುವವರೆಗೆ, ಮಾಯ್ದ ಮೇಲೆ ಅದು ಮರುಕಳಿಸದಂತೆ, ಚಿಕಿತ್ಸೆಯ ಹಂತ ಹಂತದಲ್ಲೂ ಜೊತೆಗಿದ್ದು ನಡೆಸುವ ಆರೋಗ್ಯ ಸೇವೆ. ಇದಕ್ಕೆಂದು ತರಬೇತಿ ಪಡೆದವರನ್ನು ಪೇಷೆಂಟ್ ನ್ಯಾವಿಗೇಟರ್ ಅಥವಾ ರೋಗಿ ಮಾರ್ಗದರ್ಶಕ ಎನ್ನುತ್ತಾರೆ. ನರ್ಸ್, ಸಮಾಜ ಕಾರ್ಯಕರ್ತ, ಸಮುದಾಯ ಆರೋಗ್ಯ ಕಾರ್ಯಕರ್ತೆ ಯಾರಾದರೂ ಈ ಹೊಣೆ ಹೊರಬಹುದು. ರೋಗನಿರ್ಣಯ, ಔಷಧ, ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ. ರೋಗಿಯನ್ನು ಸಕಾಲಕ್ಕೆ ಸರಿಯಾದ ವೈದ್ಯರ ಬಳಿ ತಲುಪಿಸುವುದು ಮಾರ್ಗದರ್ಶಕರ ಕೆಲಸ.

ಅಗತ್ಯ

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ಚಪ್ಪಲಿಯೊಳಗೆ ಸಿಕ್ಕಿಕೊಂಡ ಹರಳು, ಅಂಗಾಲಿಗೆ ನೆಟ್ಟ ಮುಳ್ಳು, ಆಣಿಯನ್ನು ಬ್ಲೇಡಿನಿಂದ ಕೆತ್ತಿದಾಗ ಆದ ಗಾಯ, ಯಾವುದೂ ನೋಯುವುದಿಲ್ಲ. ನೋವಿಲ್ಲದ್ದರಿಂದ ಅದೇ ಕಾಲೂರಿ ದುಡಿಮೆ ಮುಂದುವರಿಯುತ್ತದೆ. ಗಾಯ ಆಳಕ್ಕಿಳಿದು ಸೋಂಕು ಮೂಳೆಯನ್ನೂ ಮುಟ್ಟಬಹುದು. ಮಧುಮೇಹಿಗಳಲ್ಲಿ ಶೇ. 19ರಿಂದ 34ರಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದಹುಣ್ಣಾಗುತ್ತದೆಂದು ಅಂದಾಜು. ಮಧುಮೇಹದ ಕಾರಣ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಸುಮಾರು ಶೇ. 85ರಷ್ಟು ಶುರುವಾಗುವುದು ಇಂಥ ಹುಣ್ಣಿನಿಂದಲೇ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ.

ಈ ಹುಣ್ಣು ಒಬ್ಬ ವೈದ್ಯರಿಂದ ವಾಸಿಯಾಗುವಂಥದ್ದಲ್ಲ. ಸಕ್ಕರೆ ಹತೋಟಿಗೆ ಫಿಜಿಶಿಯನ್, ಸತ್ತ ಅಂಗಾಂಶ ತೆಗೆಯಲು ಸರ್ಜನ್, ರಕ್ತಸಂಚಾರಕ್ಕೆ ರಕ್ತನಾಳ ತಜ್ಞರು, ಪಾದರಕ್ಷೆಗೆ ಬೇರೆ ತಂತ್ರಜ್ಞರು ಬೇಕು. ಒಬ್ಬೊಬ್ಬರ ಒಪಿಡಿ ದಿನ ಒಂದೊಂದು. ದಿನಗೂಲಿ ಬಿಟ್ಟು ಬರಬೇಕಾದವರು, ಬಸ್ಸು ಹತ್ತಲು ಇನ್ನೊಬ್ಬರ ಆಸರೆ ಬೇಕಾದವರು ನಡುವೆಯೇ ಓಡಾಟ ಕೈಬಿಡುತ್ತಾರೆ. ಹೀಗೆ ಕಳೆದುಹೋಗುವ ದಿನಗಳೇ ಕಾಲಿಗೆ ಮುಳುವಾಗುತ್ತವೆ. ಆ ದಿನಗಳನ್ನು ಉಳಿಸುವುದೇ ಮಾರ್ಗದರ್ಶನದ ಸಾರ.

ಹಿನ್ನೆಲೆ

ಅಮೆರಿಕದ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ಬಡ ರೋಗಿಗಳಿಗಾಗಿ ರೋಗಿ ಮಾರ್ಗದರ್ಶನ ಸೇವೆ ಆರಂಭಿಸಿದರು. ಅಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ. 39ರಿಂದ ಶೇ. 70ಕ್ಕೆ ಏರಿತು, ಉಚಿತ ಅಥವಾ ಅಗ್ಗದ ತಪಾಸಣೆಯೂ ಮಾರ್ಗದರ್ಶನವೂ ಸೇರಿ ತಂದ ಫಲವಿದು. 2005ರಲ್ಲಿ ಅಮೆರಿಕ ಈ ಸೇವೆಯನ್ನು ಇತರ ದೀರ್ಘಕಾಲದ ಕಾಯಿಲೆಗಳಿಗೂ ವಿಸ್ತರಿಸುವ ಕಾನೂನು ಮಾಡಿತು. ಭಾರತದಲ್ಲಿ ಮುಂಬೈನ ಟಾಟಾ ಸ್ಮಾರಕ ಕೇಂದ್ರ ಕ್ಯಾನ್ಸರ್ ರೋಗಿಗಳಿಗಾಗಿ ‘ಕೇವಟ್’ ಹೆಸರಿನಲ್ಲಿ ಮಾರ್ಗದರ್ಶಕರಿಗೆ ತರಬೇತಿ ಕೊಡುತ್ತಿದೆ.

ಕಾರ್ಯವಿಧಾನ

ಪಾದದಲ್ಲಿ ಹುಣ್ಣು ಕಂಡವರನ್ನು ಒಂದು ಕೆಲಸದ ದಿನದೊಳಗೆ ಪಾದತಜ್ಞರ ತಂಡಕ್ಕೆ ಕಳಿಸಬೇಕೆಂಬುದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಮಾರ್ಗದರ್ಶಕರು ಅಪಾಯಿಂಟ್‌ಮೆಂಟ್ ಗೊತ್ತುಮಾಡಿ, ಕಾಲಿನ ರಕ್ತಸಂಚಾರ ತಿಳಿಸುವ ಡಾಪ್ಲರ್ ಪರೀಕ್ಷೆ, ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು ಆದಷ್ಟೂ ಒಂದೇ ದಿನಕ್ಕೆ ಹೊಂದಿಸುತ್ತಾರೆ. ಹಳೆಯ ಚೀಟಿ, ವರದಿಗಳನ್ನು ಒಂದೇ ಕಡತದಲ್ಲಿ ಇಡುತ್ತಾರೆ. ಮನೆಗೆ ಹೋದ ಮೇಲೆ ಫೋನಿನಲ್ಲಿ ವಿಚಾರಿಸುತ್ತಾರೆ: ಡ್ರೆಸಿಂಗ್ ಒದ್ದೆಯಾಗಿದೆಯೆ, ವಾಸನೆ ಬರುತ್ತಿದೆಯೆ, ಕಾಲು ಕೆಂಪಾಗಿ ಊದಿದೆಯೆ, ಜ್ವರವಿದೆಯೆ? ಒಂದಕ್ಕೆ ಹೌದೆಂದರೂ ಮುಂದಿನ ತಾರೀಖಿಗೆ ಕಾಯದೆ ಬರಹೇಳುತ್ತಾರೆ. ನಾಲ್ಕು ವಾರಗಳಲ್ಲಿ ಗಾಯದ ವಿಸ್ತಾರ ಅರ್ಧಕ್ಕಾದರೂ ಇಳಿಯದಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು. ಅಳತೆ ಬರೆದಿಟ್ಟು ವೈದ್ಯರ ಗಮನಕ್ಕೆ ತರುವುದು ಮಾರ್ಗದರ್ಶಕರ ಮುಖ್ಯ ಕೆಲಸಗಳಲ್ಲೊಂದು.

ಗಾಯದ ಮೇಲೆ ಭಾರ ಬೀಳದಂತೆ ಹಾಕುವ ಪ್ಲಾಸ್ಟರನ್ನು ಸಹಿಸಿಕೊಳ್ಳುವುದು ದುಡಿಯುವವರಿಗೆ ಕಷ್ಟ. ಅದನ್ನೇಕೆ ತೆಗೆಯಬಾರದು, ಅಷ್ಟು ದಿನ ಮನೆಗೆಲಸ, ಹೊಲದ ಕೆಲಸ ಯಾರು ನೋಡಿಕೊಳ್ಳಬೇಕು ಎಂಬುದನ್ನು ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕಾಗುತ್ತದೆ. ಬಿಸಿನೀರಿನಲ್ಲಿ ಕಾಲಿಡಬಾರದು, ಗಾಯಕ್ಕೆ ಸುಣ್ಣ, ಸೊಪ್ಪಿನ ರಸ ಹಚ್ಚಬಾರದು ಎಂಬ ಮಾತೂ ಬೈಯದೆ, ಹೆದರಿಸದೆ ಹೇಳಿದರಷ್ಟೇ ಮನಸ್ಸಿಗೆ ನಾಟುತ್ತದೆ.

ಮರುಕಳಿಕೆ ತಡೆ

ಮಾಯ್ದ ಹುಣ್ಣು ಒಂದು ವರ್ಷದೊಳಗೆ ಸುಮಾರು ಶೇ. 40ರಷ್ಟು ಮಂದಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಗಾಯ ಮುಚ್ಚಿತೆಂದು ಸಂಪರ್ಕ ಕಡಿಯುವಂತಿಲ್ಲ. ಇಂಥವರ ಪಾದವನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯತಂಡ ಹೇಳುತ್ತದೆ. ದಿನಾ ಅಂಗಾಲು, ಬೆರಳ ಸಂದು ನೋಡಿಕೊಳ್ಳುವುದು, ಮನೆಯೊಳಗೂ ಮೃದುವಾದ ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಅಟ್ಟೆಯ ಚಪ್ಪಲಿ ಮೆಟ್ಟುವುದು ರೂಢಿಯಾಗಬೇಕು.

ಕರ್ನಾಟಕದಲ್ಲಿ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಈ ನೆರವಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಯಾರು ಕೊಡುತ್ತಾರೆ, ಯಾವ ಕಾರ್ಡು ತರಬೇಕು ಎಂದು ತಿಳಿಸುವವರಿದ್ದರೆ ಅಮೂಲ್ಯ ದಿನಗಳು ಉಳಿಯುತ್ತವೆ. ಹಳ್ಳಿಗಳಲ್ಲಿ ಮನೆಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರು ತರಬೇತಿ ಮತ್ತು ತಕ್ಕ ಸಂಭಾವನೆ ದೊರೆತರೆ ಈ ಸೇವೆಯ ಮೊದಲ ಕೊಂಡಿಯಾಗಬಲ್ಲರು.

ಮಿತಿಗಳು

ಮಾರ್ಗದರ್ಶನದ ಪ್ರಯೋಜನಕ್ಕೆ ಹೆಚ್ಚಿನ ಆಧಾರ ದೊರೆತಿರುವುದು ಕ್ಯಾನ್ಸರ್ ಚಿಕಿತ್ಸೆಯಿಂದ. ಪಾದಹುಣ್ಣಿನಲ್ಲಿ ಹಲವು ತಜ್ಞರು ಒಂದೇ ತಂಡವಾಗಿ ದುಡಿದಾಗ ಕಾಲು ಕತ್ತರಿಸುವ ಪ್ರಮಾಣ ತಗ್ಗಿದೆಯಾದರೂ ಅದು ಇಡೀ ತಂಡದ ಫಲ, ಮಾರ್ಗದರ್ಶನವೊಂದರದ್ದಲ್ಲ. ರಕ್ತನಾಳ ತಜ್ಞರೂ ಪಾದ ಚಿಕಿತ್ಸಾಲಯವೂ ಇಲ್ಲದ ಜಿಲ್ಲೆಯಲ್ಲಿ ಮಾರ್ಗದರ್ಶಕರೊಬ್ಬರೇ ಏನೂ ಮಾಡಲಾರರು. ಆದ್ದರಿಂದ ಈ ಸೇವೆಯನ್ನು ಜಿಲ್ಲಾ ಮಟ್ಟದ ಪಾದ ಚಿಕಿತ್ಸಾ ತಂಡದ ಭಾಗವಾಗಿಯೇ ಕಟ್ಟಬೇಕು.