ಪಲ್ಪರ್ ಮನೆಯ ಗವರ್ನರ್

ಹಳೆಯ ವಿಲ್ಲೀಸ್ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಗುಂಡಿಯ ಜೊತೆಗೆ ಇನ್ನೊಂದು ಗುಂಡಿ ಇರುತ್ತಿತ್ತು. ಅದನ್ನು ಹೊರಗೆಳೆದರೆ ಆಕ್ಸಿಲರೇಟರ್ ತುಳಿಯದೆಯೇ ಇಂಜಿನ್ನಿನ ಸದ್ದು ಏರುತ್ತಿತ್ತು. ಅದರ ಹೆಸರು ಹ್ಯಾಂಡ್ ಥ್ರಾಟಲ್. ನೀರೆತ್ತುವ ಪಂಪಿಗೋ ಮರ ಸೀಳುವ ಗರಗಸಕ್ಕೋ ಜೀಪಿನ ಇಂಜಿನ್ನಿನಿಂದ ಬೆಲ್ಟ್ ಹಾಕಿದಾಗ, ಡ್ರೈವರ್ ಸೀಟಿನಲ್ಲಿ ಯಾರೂ ಕೂತಿರಬೇಕಾಗಿಲ್ಲವಲ್ಲ, ಅದಕ್ಕೆ. ಆದರೆ ಕೊಡಗಿನ ತೋಟಗಳಲ್ಲಿ ಜೀಪು ಓಡಿಸಿದ ಹಿರಿಯರನ್ನು ಕೇಳಿ ನೋಡಿ, ಅವರು ಇನ್ನೊಂದು ಉಪಯೋಗ ಹೇಳುತ್ತಾರೆ. ಕುಶಾಲನಗರ ದಾಟಿ ಬೈಲುಕುಪ್ಪೆಯ ಆಚೆ ರಸ್ತೆ ನೇರವಾದಾಗ ಗುಂಡಿ ಎಳೆದು, ಬಲಗಾಲು ಸಡಿಲ ಬಿಟ್ಟು ಆರಾಮ ಕೂರುವುದು.

ನನಗೆ ಈ ಗುಂಡಿಯ ನೆನಪಾದದ್ದಕ್ಕೆ ಕಾರಣ ನನ್ನ ಮೊಣಕಾಲು. ಕೊಡಗಿನ ಹಳೆಯ ಕಾಗದಪತ್ರ ನೋಡಲು ಮೈಸೂರು, ಬೆಂಗಳೂರು ಎಂದು ವರ್ಷಕ್ಕೆ ಹತ್ತಾರು ಸಲ ಓಡಾಡುವವನು ನಾನು. ಲಾಡ್ಜಿನ ಖರ್ಚು ಉಳಿಸಲು ಒಂದು ಹಳೆಯ ಟ್ರಾವೆಲರ್ ವ್ಯಾನ್ ಕೊಂಡು, ಆರ್‌ಟಿಒ ಕಾಗದಗಳನ್ನು ಸರಿಮಾಡಿಸಿ, ಒಳಗೆ ಮಂಚ, ಸ್ಟವ್, ನೀರಿನ ಟ್ಯಾಂಕು ಹಾಕಿಸಿಕೊಂಡಿದ್ದೇನೆ. ಬಲ ಮೊಣಕಾಲಿನ ಆಪರೇಷನ್ ಆದ ಮೇಲೆ ಪೆಡಲನ್ನು ಒಂದೇ ಮಟ್ಟದಲ್ಲಿ ಅರ್ಧ ಗಂಟೆ ಒತ್ತಿ ಹಿಡಿಯುವುದು ಕಷ್ಟವಾಯಿತು. ಬ್ರೇಕ್ ತುಳಿಯಲು ತೊಂದರೆಯಿಲ್ಲ, ಅದು ಕ್ಷಣದ ಕೆಲಸ. ಹಿಡಿದುಕೊಂಡಿರುವುದೇ ನೋವು. ಒಂದೋ ವ್ಯಾನ್ ಮಾರಬೇಕು, ಇಲ್ಲವೇ ಕ್ರೂಸ್ ಕಂಟ್ರೋಲ್ ಹಾಕಬೇಕು. ಹಾಕುವುದಾದರೆ ಅದರ ಒಳಗು ತಿಳಿದೇ ಹಾಕಬೇಕು, ಏಕೆಂದರೆ ಹಿಂದಿನ ಮಂಚದಲ್ಲಿ ನನ್ನ ಹೆಂಡತಿ ಮಲಗಿರುತ್ತಾಳೆ. ಹೀಗೆ ಪತ್ರಾಗಾರದ ಫೈಲುಗಳ ನಡುವೆ ಗವರ್ನರುಗಳ ಇತಿಹಾಸವೂ ಸೇರಿಕೊಂಡಿತು.

ಇಲ್ಲಿ ಗವರ್ನರ್ ಎಂದರೆ ರಾಜ್ಯಪಾಲರಲ್ಲ. ಬ್ರಿಟಿಷರ ಕಾಲದಲ್ಲಿ ಕೊಡಗಿಗೆ ಗವರ್ನರ್ ಇರಲೇ ಇಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಇಲ್ಲಿ ಆಳಿದವರು ಕಮಿಷನರುಗಳು, ಚೀಫ್ ಕಮಿಷನರುಗಳು. ನಿಜವಾದ ಗವರ್ನರ್ ಕೂತಿದ್ದದ್ದು ಪಲ್ಪರ್ ಮನೆಯಲ್ಲಿ. ಲಿಸ್ಟರ್ ಇಂಜಿನ್ ನೋಡಿದವರಿಗೆ ಗೊತ್ತು: ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿ, ಆಮೇಲೆ ರಾಜಕೋಟೆಯ ಕಾರ್ಖಾನೆಗಳಲ್ಲಿ ಸಾವಿರಾರು ನಕಲಾಗಿ ಭಾರತದ ಹೊಲಗದ್ದೆಗಳಿಗೆಲ್ಲ ಹಬ್ಬಿದ, 6 ಎಚ್‌ಪಿಯ ಒಂಟಿ ಸಿಲಿಂಡರ್ ಡೀಸೆಲ್ ಇಂಜಿನ್. ನಿಮಿಷಕ್ಕೆ 650 ಸುತ್ತು, ಡುಬ್ ಡುಬ್ ಡುಬ್. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣು ಕುಯ್ದು ತಂದು ಪಲ್ಪರಿಗೆ ಸುರಿದಾಗ ಇಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ಕುಗ್ಗುತ್ತದೆ. ಮರುಕ್ಷಣವೇ ಡೀಸೆಲ್ ಜಾಸ್ತಿಯಾಗಿ ಮತ್ತೆ ಅದೇ ಡುಬ್ ಡುಬ್. ಹಣ್ಣು ಮುಗಿದಾಗ ಹುಚ್ಚೆದ್ದು ಓಡುವುದಿಲ್ಲ, ತಾನೇ ಡೀಸೆಲ್ ಇಳಿಸಿಕೊಳ್ಳುತ್ತದೆ. ಯಾರೂ ಪಕ್ಕದಲ್ಲಿ ನಿಂತು ಲಿವರ್ ಒತ್ತುತ್ತಿರುವುದಿಲ್ಲ. ಒಳಗೆ ತಿರುಗುವ ಎರಡು ತೂಕಗಳು, ಒಂದು ಸ್ಪ್ರಿಂಗು, ಇಷ್ಟೇ. ವೇಗ ಏರಿದರೆ ತೂಕಗಳು ಹೊರಕ್ಕೆ ಹಾರಿ ಇಂಧನ ಕಡಿಮೆ ಮಾಡುತ್ತವೆ, ಇಳಿದರೆ ಸ್ಪ್ರಿಂಗು ಅವನ್ನು ಒಳಕ್ಕೆಳೆದು ಇಂಧನ ಹೆಚ್ಚಿಸುತ್ತದೆ.

ಜೀಪಿನ ಗುಂಡಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಗುಂಡಿ ಹಿಡಿದಿಡುವುದು ಥ್ರಾಟಲನ್ನು, ವೇಗವನ್ನಲ್ಲ. ಏರು ಬಂದರೆ ಜೀಪು ನಿಧಾನವಾಗುತ್ತದೆ, ಇಳಿಜಾರು ಬಂದರೆ ನುಗ್ಗುತ್ತದೆ. ಗುಂಡಿಗೆ ಅದು ಗೊತ್ತೇ ಆಗುವುದಿಲ್ಲ. ಗವರ್ನರಿಗೆ ಗೊತ್ತಾಗುತ್ತದೆ. ಬಂದ ಫಲವನ್ನು ತಿರುಗಿ ನೋಡಿ ತನ್ನನ್ನು ತಿದ್ದಿಕೊಳ್ಳುವ ಈ ಗುಣವನ್ನೇ ಇಂದು ಫೀಡ್‌ಬ್ಯಾಕ್ ಎನ್ನುತ್ತೇವೆ.

ತೂಕದ ಗುಂಡುಗಳ ಗವರ್ನರನ್ನು ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ್ದು 1788ರಲ್ಲಿ. ಕಲ್ಪನೆ ಪೂರ್ತಿ ಅವನದಲ್ಲ, ಹಿಟ್ಟಿನ ಗಾಳಿಗಿರಣಿಗಳಲ್ಲಿ ಅದಾಗಲೇ ಇತ್ತು. ಈ ಸಾಧನಕ್ಕೆ ಒಂದು ಕಾಯಿಲೆಯೂ ಇತ್ತು. ಕೆಲವು ಯಂತ್ರಗಳಲ್ಲಿ ವೇಗ ಒಂದು ಕಡೆ ನಿಲ್ಲದೆ ಏರುತ್ತ ಇಳಿಯುತ್ತ ತೊನೆಯುತ್ತಿತ್ತು. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಅದನ್ನು ‘ಹಂಟಿಂಗ್’ ಎನ್ನುತ್ತಾರೆ. ಭಾರ ಬಿದ್ದಾಗ ತಡವಾಗಿ ಎಚ್ಚೆತ್ತು, ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟು, ಆಮೇಲೆ ಗಾಬರಿಯಾಗಿ ಪೂರ್ತಿ ಕಿತ್ತುಕೊಳ್ಳುವ ಯಜಮಾನನ ಹಾಗೆ. ಬೆಳಕು ಮತ್ತು ವಿದ್ಯುತ್ತಿನ ಸಮೀಕರಣಗಳಿಗೆ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದ. ಯಾವಾಗ ಈ ತೊನೆತ ತಾನಾಗಿ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದು ಅವನ ಪ್ರಶ್ನೆ. ನಿಯಂತ್ರಣ ಶಾಸ್ತ್ರ ಎಂಬ ಇಡೀ ವಿದ್ಯೆಗೆ ಅದು ತಳಪಾಯಗಳಲ್ಲಿ ಒಂದು. ಅಂದಹಾಗೆ, ಆ ಹೊತ್ತಿಗೆ ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ ಮೊದಲ ಕಾಫಿ ತೋಟ ಹಾಕಿ (1854) ಹದಿನಾಲ್ಕು ವರ್ಷವಾಗಿತ್ತು. ಕಾಫಿ ಮೂಟೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಯುತ್ತಿದ್ದವು. ಆ ಗಾಡಿಗಳಿಗಾಗಿ ಬಳಸಿ ಬಳಸಿ ತೆಗೆದ ದಾರಿಗಳ ಮೇಲೆಯೇ ನಾವು ಇಂದಿಗೂ ಸ್ಟಿಯರಿಂಗ್ ತಿರುಗಿಸುತ್ತಿದ್ದೇವೆ. ಕೊಡಗಿನೊಳಗೆ ರೈಲು ಇವತ್ತಿಗೂ ಓಡುವುದಿಲ್ಲ. ಇಲ್ಲಿ ಪ್ರಯಾಣ ಎಂದರೆ ರಸ್ತೆಯೇ.

ಕಾರುಗಳಿಗೆ ಗವರ್ನರ್ ಬಂದದ್ದು ಬೇಗ. ಅಮೆರಿಕದ ಪೀರ್‌ಲೆಸ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ತೂಕದ ಗವರ್ನರ್ ಹಾಕಿದ ಕಾರು ಮಾರಿತು. ಆದರೆ ಇಂದಿನ ಕ್ರೂಸ್ ಕಂಟ್ರೋಲಿನ ತಂದೆ ಎಂದು ಹೇಳಬೇಕಾದದ್ದು ರಾಲ್ಫ್ ಟೀಟರ್ ಎಂಬ ಇಂಡಿಯಾನಾದ ಇಂಜಿನಿಯರನನ್ನು. 1890ರಲ್ಲಿ ಹುಟ್ಟಿದವನು, ಐದನೆಯ ವಯಸ್ಸಿನಲ್ಲಿ ಚಾಕುವಿನ ಅಪಘಾತದಿಂದ ಎರಡೂ ಕಣ್ಣು ಕಳೆದುಕೊಂಡ. ಕುರುಡನಾಗಿಯೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1912ರಲ್ಲಿ ಪದವಿ ಪಡೆದ. ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ಉಗಿ ಟರ್ಬೈನಿನ ರೋಟರುಗಳನ್ನು ಸಮತೂಕಕ್ಕೆ ತರುವ ಕೆಲಸ ಮಾಡಿದ. ಬೆರಳಿನಲ್ಲಿ ಅವನಿಗೆ ಕಾಣುತ್ತಿತ್ತು ಎನ್ನಬೇಕು. ಮುಂದೆ ಪಿಸ್ಟನ್ ರಿಂಗ್ ತಯಾರಿಸುವ ಪರ್ಫೆಕ್ಟ್ ಸರ್ಕಲ್ ಕಂಪನಿಯ ಅಧ್ಯಕ್ಷನಾದ.

ಅವನ ವಕೀಲ ಕಾರು ಓಡಿಸುವಾಗ ಮಾತಾಡುತ್ತ ನಿಧಾನಿಸುತ್ತಿದ್ದ, ಕೇಳುತ್ತ ಜೋರು ಮಾಡುತ್ತಿದ್ದ, ಆ ಎಳೆದಾಟ ತಡೆಯಲಾರದೆ ಟೀಟರ್ ಈ ಸಾಧನಕ್ಕೆ ಕೈಹಾಕಿದ ಎಂಬುದು ಪ್ರಸಿದ್ಧ ಕತೆ. ಕಣ್ಣಿರುವ ಪ್ರಯಾಣಿಕ ಕಿಟಕಿಯಾಚೆ ನೋಡಿ ಮರೆಯಬಹುದಾದ ಜರ್ಕು ಅವನಿಗೆ ಮೈಯೆಲ್ಲ ತಟ್ಟುತ್ತಿತ್ತು. ಕತೆ ನನಗೆ ನಂಬಬಹುದಾದದ್ದೇ ಅನ್ನಿಸುತ್ತದೆ, ಆದರೆ ವಕೀಲನೊಬ್ಬನ ಮೇಲೆ ಇಡೀ ಭಾರ ಹೊರಿಸುವುದು ಸರಿಯಲ್ಲ. ಯುದ್ಧವೂ ಇತ್ತು. 1942ರಲ್ಲಿ ಮಲಯಾ ಜಪಾನಿನ ಕೈಸೇರಿ ರಬ್ಬರಿನ ದಾರಿ ಕಡಿದುಹೋದಾಗ, ಟೈರು ಉಳಿಸಲೆಂದು ಅಮೆರಿಕ ಇಡೀ ದೇಶಕ್ಕೆ ಗಂಟೆಗೆ 35 ಮೈಲಿಯ ಮಿತಿ ಹೇರಿತು. ಖಾಲಿ ರಸ್ತೆಯಲ್ಲಿ 35ರಲ್ಲೇ ಕಾಲು ಹಿಡಿದಿಡುವುದು ಎಂಥ ಶಿಕ್ಷೆ ಎಂದು ಲಕ್ಷಾಂತರ ಜನಕ್ಕೆ ಗೊತ್ತಾಯಿತು. (ಸಂಪಾಜೆ ಇಳಿದು ಸುಳ್ಯದ ಕಡೆ ಹೋಗುವಾಗ ಕಾಣುವ ರಬ್ಬರ್ ತೋಟಗಳಿಗೆ ಬೇರೆಯದೇ ಇತಿಹಾಸವಿದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಆ ಭಾಗದ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ದುಡಿಯುತ್ತ ಬಂದಿವೆ. ಅದನ್ನು ಇನ್ನೊಮ್ಮೆ ಬರೆಯಬೇಕು.)

ಟೀಟರನಿಗೆ 1950ರಲ್ಲಿ ಪೇಟೆಂಟ್ ಸಿಕ್ಕಿತು. ಆ ಸಾಧನ ವೇಗವನ್ನು ಹಿಡಿದಿಡುತ್ತಿರಲಿಲ್ಲ ಎಂಬುದು ಸೋಜಿಗ. ಗೊತ್ತುಮಾಡಿದ ವೇಗ ಮುಟ್ಟಿದಾಗ ಪೆಡಲು ಕಾಲನ್ನು ಹಿಂದಕ್ಕೆ ತಳ್ಳುತ್ತಿತ್ತು, ಅಷ್ಟೇ. ಹಿಡಿದಿಡುವ ಗುಣ ಆಮೇಲೆ ಸೇರಿತು. ಕ್ರೈಸ್ಲರ್ ಕಂಪನಿ 1958ರ ತನ್ನ ದುಬಾರಿ ಕಾರುಗಳಲ್ಲಿ ಅದನ್ನು ‘ಆಟೋ ಪೈಲಟ್’ ಎಂದು ಮಾರಿತು. ‘ಕ್ರೂಸ್ ಕಂಟ್ರೋಲ್’ ಕ್ಯಾಡಿಲಾಕ್ ಇಟ್ಟ ಹೆಸರು. 1973ರ ತೈಲ ಬಿಕ್ಕಟ್ಟಿನ ನಂತರ ಅದು ಸಾಮಾನ್ಯರ ಕಾರಿಗೂ ಬಂತು. ಟೀಟರ್ 1982ರಲ್ಲಿ ತೀರಿಕೊಂಡ.

ಈಗ ನನ್ನ ವ್ಯಾನ್. ಹೊಸ ಗಾಡಿಗಳಲ್ಲಿ ಪೆಡಲಿನಿಂದ ಇಂಜಿನ್ನಿಗೆ ಹೋಗುವುದು ಬರೀ ವಿದ್ಯುತ್ ಸಂಕೇತ. ಪೆಡಲು ಮತ್ತು ಕಂಪ್ಯೂಟರಿನ ನಡುವೆ ಒಂದು ಪೆಟ್ಟಿಗೆ ಸಿಕ್ಕಿಸಿದರೆ ಕೆಲಸ ಬಹುಪಾಲು ಮುಗಿಯಿತು. ನನ್ನದು ಹಳೆಯದು. ಪೆಡಲಿನಿಂದ ಡೀಸೆಲ್ ಪಂಪಿನ ಲಿವರಿಗೆ ಕೇಬಲ್ ಹೋಗಿದೆ. ಪೆಟ್ರೋಲ್ ಗಾಡಿಗಳಿಗೆ ಬರುವ ಕಿಟ್‌ಗಳು ಇಂಜಿನ್ನಿನ ಸೆಳೆತದಿಂದಲೇ, ಅಂದರೆ ವ್ಯಾಕ್ಯೂಮಿನಿಂದ ಕೆಲಸ ಮಾಡುತ್ತವೆ. ಹಳೆಯ ಡೀಸೆಲ್ಲಿನಲ್ಲಿ ಆ ಸೆಳೆತ ಇಲ್ಲ. ಇರುವುದು ಬ್ರೇಕಿಗಾಗಿ ಇಟ್ಟ ವ್ಯಾಕ್ಯೂಮ್ ಪಂಪು ಮಾತ್ರ. ಬ್ರೇಕಿನ ಪಾಲನ್ನು ನಾನು ಮುಟ್ಟಲು ಒಪ್ಪಲಿಲ್ಲ. ಮೋಟಾರಿನಿಂದ ಕೇಬಲ್ ಎಳೆಯುವ ಕಿಟ್ ತರಿಸಿದೆ.

ಸುಂಟಿಕೊಪ್ಪದ ಬಳಿಯ ನಮ್ಮ ಶೆಡ್ಡಿನಲ್ಲಿ ಎರಡು ಭಾನುವಾರ ಕೆಲಸ ನಡೆಯಿತು. ಜೊತೆಗೆ ಇದ್ದವರು ಮೂವತ್ತು ವರ್ಷ ತೋಟದ ಜೀಪು ಓಡಿಸಿ ನಿವೃತ್ತರಾದ ಒಬ್ಬರು. ಊರಿಗೆಲ್ಲ ‘ಅಣ್ಣ’. ವೇಗ ತಿಳಿಯಲು ಪ್ರೊಪೆಲ್ಲರ್ ಶಾಫ್ಟಿಗೆ ಎದುರುಬದುರಾಗಿ ಎರಡು ಅಯಸ್ಕಾಂತ ಕಟ್ಟಿದೆವು. ಒಂದೇ ಕಡೆ ಕಟ್ಟಿದರೆ ತೂಕ ತಪ್ಪಿ ಶಾಫ್ಟ್ ನಡುಗುತ್ತದೆ. ಟೀಟರ್ ರೋಟರುಗಳಲ್ಲಿ ಬೆರಳಾಡಿಸಿ ಹುಡುಕುತ್ತಿದ್ದದ್ದು ಇದನ್ನೇ. ಅವುಗಳ ಎದುರು ಚಾಸಿಗೆ ಒಂದು ಸುರುಳಿ. ಶಾಫ್ಟ್ ತಿರುಗಿದಂತೆ ಸುರುಳಿಯಲ್ಲಿ ಮಿಡಿತ ಹುಟ್ಟುತ್ತದೆ, ಪೆಟ್ಟಿಗೆ ಅದನ್ನು ಎಣಿಸುತ್ತದೆ. ಮೋಟಾರಿನ ಕೇಬಲನ್ನು ಮಣಿ ಸರಪಳಿಯಿಂದ ಪಂಪಿನ ಲಿವರಿಗೆ ಸೇರಿಸಿದೆವು. ಸರಪಳಿ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಕಾಲಿನಿಂದ ಪೆಡಲು ಒತ್ತಿದಾಗ ಮೋಟಾರು ಅಡ್ಡ ಬರುವುದಿಲ್ಲ.

ಉಳಿದ ಸಮಯವೆಲ್ಲ ಹೋದದ್ದು ಬಿಡಿಸುವ ದಾರಿಗಳಿಗೆ. ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ ಒಂದು ವೈರು. ಕ್ಲಚ್ಚಿಗೆ ಒಂದು ಸ್ವಿಚ್, ಇಲ್ಲದಿದ್ದರೆ ಕ್ಲಚ್ ಒತ್ತಿದೊಡನೆ ಭಾರ ತಪ್ಪಿದ ಇಂಜಿನ್ ಅರಚುತ್ತದೆ. ಕೈಗೆ ಸಿಗುವ ಮೇನ್ ಸ್ವಿಚ್ ಒಂದು, ಅದರಾಚೆ ಫ್ಯೂಸ್. ಇಂಥ ಕಿಟ್‌ಗಳು ಬ್ರೇಕ್ ಲೈಟಿನ ಬಲ್ಬಿನ ತಂತಿಯ ಮೂಲಕವೇ ನೆಲದ ಸಂಪರ್ಕ ಹುಡುಕಿ, ಅದು ಸಿಗದಿದ್ದರೆ ಕೆಲಸ ಮಾಡಲು ಒಪ್ಪುವುದಿಲ್ಲ. ಬ್ರೇಕಿನ ಸುದ್ದಿ ತಲುಪುವ ದಾರಿ ಕಡಿದಿದ್ದರೆ ಓಡುವುದೇ ಬೇಡ ಎಂಬ ಜಾಣತನ. ಎಲ್‌ಇಡಿ ಬಲ್ಬುಗಳಲ್ಲಿ ಆ ದಾರಿ ಇರುವುದಿಲ್ಲ, ಆದ್ದರಿಂದ ಹಳೆಯ ಬಲ್ಬುಗಳನ್ನೇ ಉಳಿಸಿಕೊಂಡೆ.

ಅಣ್ಣನಿಗೆ ಈ ವೈರುಗಳ ಮೇಲೆ ಭರವಸೆ ಇರಲಿಲ್ಲ. “ಕರೆಂಟೇ ಹೋದ್ರೆ?” ಎಂದರು. ಮೋಟಾರಿನ ಒಳಗಿನ ಕ್ಲಚ್ಚು ವಿದ್ಯುತ್ತಿನಿಂದ ಹಿಡಿದಿರುತ್ತದೆ, ಕರೆಂಟು ಹೋದರೆ ಕೈಬಿಡುತ್ತದೆ, ಪಂಪಿನ ಸ್ಪ್ರಿಂಗು ಲಿವರನ್ನು ವಾಪಸ್ ಎಳೆಯುತ್ತದೆ ಎಂದೆ. “ಸ್ಪ್ರಿಂಗು ತುಂಡಾದ್ರೆ?” ಇನ್ನೊಂದು ಸ್ಪ್ರಿಂಗು ಸೇರಿಸಿದೆವು. ಪೈಲಟ್‌ಗಳ ಪಟ್ಟಿಯೂ ಇಷ್ಟು ಉದ್ದ ಇರಲಾರದು.

ಪೆಟ್ಟಿಗೆಯಲ್ಲಿ ಕಡ್ಡಿಯಿಂದ ಸರಿಸುವ ಸಣ್ಣ ಸ್ವಿಚ್ಚುಗಳಿವೆ, ಸೂಕ್ಷ್ಮತೆ ಹೊಂದಿಸಲು. ಸೂಕ್ಷ್ಮತೆ ಜಾಸ್ತಿ ಇಟ್ಟರೆ ಮ್ಯಾಕ್ಸ್‌ವೆಲ್ ಬರೆದ ಕಾಯಿಲೆ ನಮ್ಮ ಗಾಡಿಗೇ ಬರುತ್ತದೆ, 60ರ ಆಚೀಚೆ ತೊನೆಯುತ್ತದೆ. ಕಡಿಮೆ ಇಟ್ಟರೆ ಏರಿನಲ್ಲಿ ಸೋಮಾರಿ. 1922ರಲ್ಲಿ ನಿಕೊಲಾಸ್ ಮಿನೋರ್‌ಸ್ಕಿ ಹಡಗಿನ ಚುಕ್ಕಾಣಿಯ ಬಗ್ಗೆ ಬರೆದದ್ದು ಇಲ್ಲಿ ಅರ್ಥವಾಗುತ್ತದೆ: ಅನುಭವಿ ನಾವಿಕ ಹಡಗು ಎಷ್ಟು ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ, ಎಷ್ಟು ಬೇಗ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾನೆ. ಆದರೂ ಅಣ್ಣ ಮಾಡುವ ಒಂದು ಕೆಲಸ ಈ ಪೆಟ್ಟಿಗೆಗೆ ಬರುವುದಿಲ್ಲ. ಅವರು ಏರು ಕಾಣುವಾಗಲೇ ಕಾಲು ಒತ್ತಿರುತ್ತಾರೆ. ಪೆಟ್ಟಿಗೆಗೆ ಏರು ಗೊತ್ತಾಗುವುದು ವೇಗ ಬಿದ್ದ ಮೇಲೆ.

ಕ್ರೂಸ್ ಕಂಟ್ರೋಲನ್ನು ಸ್ಪೀಡ್ ಗವರ್ನರ್ ಜೊತೆ ಬೆರೆಸಿಕೊಳ್ಳುವವರಿದ್ದಾರೆ. 2015ರ ಕೇಂದ್ರ ನಿಯಮ ಬಹುಪಾಲು ಬಾಡಿಗೆ ವಾಹನಗಳಿಗೆ ಕಡ್ಡಾಯ ಮಾಡಿದ ಸಾಧನ 80 ಕಿಲೋಮೀಟರಿನ ಮೇಲೆ ಹೋಗಲು ಬಿಡುವುದಿಲ್ಲ, ಕೆಳಗೆ ಏನಾದರೂ ಮಾಡಿಕೊಳ್ಳಿ ಎನ್ನುತ್ತದೆ. ಒಂದು ಛಾವಣಿ, ಇನ್ನೊಂದು ಊರುಗೋಲು.

ಈ ಊರುಗೋಲು ಕೊಡಗಿನಲ್ಲಿ ಹೆಚ್ಚು ಕಡಿಮೆ ನಿರುಪಯೋಗಿ. 50ರ ಕೆಳಗೆ ನನ್ನ ಕಿಟ್ ಹಿಡಿಯುವುದೇ ಇಲ್ಲ, ಮಡಿಕೇರಿಯಿಂದ ಸುಂಟಿಕೊಪ್ಪದವರೆಗೆ ಯಾವ ತಿರುವಿನಲ್ಲಿ 50 ಹೋಗುತ್ತೀರಿ? ಸಂಪಾಜೆ ಘಾಟಿಯಲ್ಲಂತೂ ಮೇನ್ ಸ್ವಿಚ್ಚೇ ಆಫ್. ಇಂಥ ಕಿಟ್‌ಗೆ ಇಂಧನ ಕಡಿಮೆ ಮಾಡಲು ಗೊತ್ತು, ಬ್ರೇಕ್ ಹಾಕಲು ಗೊತ್ತಿಲ್ಲ. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವುದು ಕೆಳಗಿನ ಗೇರೇ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಹೆದ್ದಾರಿ ಕಡಿದುಹೋದದ್ದನ್ನು ಕಂಡವರು ಆ ದಾರಿಯಲ್ಲಿ ಪ್ರತಿ ತಿರುವನ್ನೂ ಹೊಸದಾಗಿ ನೋಡಿಕೊಂಡು ಇಳಿಯುತ್ತಾರೆ.

ಉಪಯೋಗ ಇರುವುದು ಪಿರಿಯಾಪಟ್ಟಣ ದಾಟಿದ ಮೇಲೆ, ಹುಣಸೂರಿನ ಆಚೆ ಬಿಳಿಕೆರೆಯವರೆಗೆ, ಉಬ್ಬುಗಳ ನಡುವೆ ಸಿಗುವ ತುಣುಕುಗಳಲ್ಲಿ. 60ಕ್ಕೆ ಗುಂಡಿ ಒತ್ತಿ, ಬಲಗಾಲನ್ನು ಬ್ರೇಕಿನ ಪಕ್ಕಕ್ಕೆ ಸರಿಸಿ ಮೊಣಕಾಲು ಸ್ವಲ್ಪ ಚಾಚುತ್ತೇನೆ. ಮೊದಲ ಸಲ ಹೊರಟಾಗ ಅಣ್ಣ ಮುಂದಿನ ಸೀಟಿನಲ್ಲಿದ್ದರು. “ಬ್ರೇಕ್ ಮುಟ್ಟಿ” ಎಂದರು, ಮುಟ್ಟಿದೆ, ಬಿಟ್ಟಿತು. ಮೈಸೂರು ಸೇರುವಷ್ಟರಲ್ಲಿ ಹನ್ನೆರಡು ಸಲ ಮುಟ್ಟಿಸಿದರು. ಮಳೆಯಲ್ಲಿ ನೀರು ನಿಂತ ರಸ್ತೆಯಲ್ಲಿ ಟೈರು ಜಾರಿ ತಿರುಗಿದರೂ ಪೆಟ್ಟಿಗೆ ಅದನ್ನು ವೇಗವೆಂದೇ ಎಣಿಸುತ್ತದೆ ಎಂದು ಅವರಿಗೆ ವಿವರಿಸಿದಾಗ, ಫ್ಯೂಸ್ ಎಲ್ಲಿದೆ ಎಂದು ಕೇಳಿದರು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಅವರ ಮನೆಯಲ್ಲೇ ಇರುತ್ತದೆ, ಮೆಣಸಿನ ಡಬ್ಬಿಯ ಪಕ್ಕದ ಗೂಡಿನಲ್ಲಿ.